ಉಪ್ಪಿನ ಪುಟ

“ಹೆದರಬೇಡಿ ಅಕ್ಕಾ, ನಿಮ್ಮ ಹೆಸರು ಎಲ್ಲೂ ಬರೆಯಲ್ಲ,” ಎಂದಳು ಸಮೀಕ್ಷೆಗೆ ಬಂದವಳು. “ಮಧ್ಯೆ ಯಾರಾದರೂ ಒಳಗೆ ಬಂದರೆ ಕೊನೇ ಪುಟ ತೆಗೆದು, ಅಡುಗೆಗೆ ಉಪ್ಪು ಎಷ್ಟು ಹಾಕ್ತೀರಿ ಅಂತ ಕೇಳ್ತೀನಿ. ನೀವು ಅದಕ್ಕೇ ಉತ್ತರ ಹೇಳ್ತಾ ಹೋಗಿ. ಆ ಪುಟ ಇರೋದೇ ಅದಕ್ಕೆ.”

ಮನೆಯಾಕೆ ಬಾಗಿಲ ಕಡೆ ನೋಡಿ ತಲೆಯಾಡಿಸಿದಳು.

“ಈ ವರ್ಷ ನಿಮ್ಮ ಯಜಮಾನರು ನಿಮ್ಮ ಮೇಲೆ ಕೈ ಮಾಡಿದ್ದಾರಾ?”

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

“ನಾನು ಹೇಳಬಾರದು, ಆದರೂ ಹೇಳ್ತೀನಿ. ಈ ಬೀದೀಲಿ ಒಂಬತ್ತು ಮನೇಲಿ ಕೇಳಿದ್ದೀನಿ. ಆರು ಮನೇಲಿ ಹೂಂ ಅಂದಿದ್ದಾರೆ.”

“ಆರಾ?” ಆಕೆಯ ಕಣ್ಣು ತುಂಬಿತು. “ಹೋದ ಭಾನುವಾರ ನನಗೆ...”

ಗೇಟು ಕಿರ್ರೆಂದಿತು. ಗಂಡ ಊಟಕ್ಕೆ ಬಂದಿದ್ದ. ಸಮೀಕ್ಷೆಯವಳು ಸರಕ್ಕನೆ ಪುಟ ತಿರುವಿದಳು.

“ಸಾರಿಗೆ ಎಷ್ಟು ಚಮಚ ಉಪ್ಪು ಹಾಕ್ತೀರಿ ಅಕ್ಕಾ?”

“ಒಂ... ಒಂದೂವರೆ.”

“ಉಪ್ಪಿನಕಾಯಿ ದಿನಾ ಬೇಕಾ?”

“ಬೇಡ.”

ಗಂಡ ನಗುತ್ತ ಕುರ್ಚಿ ಎಳೆದುಕೊಂಡು ಕೂತ. “ಕೇಳಿ ಮೇಡಂ, ನಿಲ್ಲಿಸಬೇಡಿ. ಮುಂದಿನದು ಹಪ್ಪಳದ ಪ್ರಶ್ನೆ ಅಲ್ವಾ?”

ಅವಳು ಪುಟ ನೋಡಿದಳು. ಹೌದು, ಹಪ್ಪಳದ್ದೇ.

“ನಿಮಗೆ ಹೇಗೆ ಗೊತ್ತು ಸರ್?”

ಆತ ಬೆರಳಿಗೆ ಹತ್ತಿದ್ದ ಮಸಿಯನ್ನು ನಿಧಾನವಾಗಿ ಒರೆಸಿಕೊಂಡ.

“ಈ ಫಾರಂ ಅಚ್ಚಾಗಿದ್ದು ನಮ್ಮ ಪ್ರೆಸ್ಸಿನಲ್ಲೇ ಮೇಡಂ. ಉಪ್ಪಿನ ಪುಟ ಯಾವಾಗ ತೆಗೀಬೇಕು ಅಂತ ನಿಮಗೆ ಕೊಟ್ಟಿದ್ದಾರಲ್ಲ ಸೂಚನೆ, ಅದರ ಪ್ರೂಫ್ ನೋಡಿದವನೂ ನಾನೇ.”