ಹಣೆಯ ಸುದ್ದಿ

ಬೆಳಗಿನ ರೇಡಿಯೋ ನೂರಕ್ಕೆ ಅರವತ್ತೆರಡು ಎಂದಿತು. ಸುಗಂಧಿ ಕನ್ನಡಿಯೆದುರು ನಿಂತು ಕುಂಕುಮ ಒರೆಸಿಕೊಂಡಳು.

ದೂರದ ಆ ದೊಡ್ಡ ದೇಶಕ್ಕೆ ಯುದ್ಧ ಬೇಕೆನ್ನುವವನು ಅಧ್ಯಕ್ಷನಾದರೆ ಕೊಲ್ಲಿಯ ಬಂದರುಗಳ ಮೇಲೆ ಬಾಂಬು ಬೀಳುತ್ತದೆ. ಅವನು ಗೆಲ್ಲುವ ಸಂಭವ ನೂರಕ್ಕೆ ಐವತ್ತು ದಾಟಿದ ದಿನ, ಗಂಡಂದಿರು ಅಲ್ಲಿ ದುಡಿಯುವ ಮಲ್ಪೆಯ ಹೆಂಗಸರು ಬೋಳುಹಣೆಯಲ್ಲಿರುತ್ತಿದ್ದರು. ಇಳಿದ ದಿನ ಮತ್ತೆ ಕುಂಕುಮ ಇಡುತ್ತಿದ್ದರು. ಫೋನಿನಲ್ಲಿ ಚುನಾವಣೆ, ಯುದ್ಧ, ಹಡಗು ಎಂಬ ಮಾತು ಬಂದರೆ ಅಲ್ಲಿನ ಬಂದರಿನ ಅಧಿಕಾರಿಗಳು ಕರೆ ಕಡಿಯುತ್ತಿದ್ದರು. ಊರಿಗೆ ಹೊರಡಬೇಕೋ ಬೇಡವೋ ಎಂದು ಗಂಡಸರು ಫೋನಿನ ಪರದೆಯಲ್ಲಿ ಹೆಂಡತಿಯ ಹಣೆ ನೋಡಿಯೇ ತಿಳಿದುಕೊಳ್ಳಬೇಕಿತ್ತು.

ನಾಳೆ ಮತದಾನ. ಕೊಲ್ಲಿಯಿಂದ ಊರಿಗೆ ಹೊರಡುವ ಕೊನೆಯ ಹಡಗು ಇವತ್ತು ಸಂಜೆ.

"ಇವತ್ತು ನಿನ್ನ ನಾದಿನಿಯ ಸೀಮಂತ," ಎನ್ನುತ್ತ ಅತ್ತೆ ಕುಂಕುಮದ ಭರಣಿ ತಂದರು. "ಬೋಳುಹಣೆಯವಳು ಆರತಿ ಎತ್ಲಿಕ್ಕಿಲ್ಲ. ಊಟ ಮುಗಿಯುವವರೆಗೆ ಇಟ್ಟುಕೋ ಮಾರಾಯ್ತಿ. ಅವ ಫೋನ್ ಮಾಡುದು ಮಧ್ಯಾಹ್ನದ ಮೇಲೆ ಅಲ್ವಾ?"

ಸುಗಂಧಿ ಇಟ್ಟುಕೊಂಡಳು.

ಆರತಿಯ ತಟ್ಟೆ ಇನ್ನೂ ಕೈಯಲ್ಲಿರುವಾಗ ಫೋನು ಹೊಡೆದುಕೊಂಡಿತು. ಅತ್ತೆಯೇ ಎತ್ತಿ ಅವಳ ಮುಖದೆದುರು ಹಿಡಿದರು.

"ಹೋಯ್, ಎಷ್ಟು ಚಂದ ಕಾಣ್ತಿ!" ಗಂಡ ಜಯಕರ ಬಾಯ್ತುಂಬ ನಕ್ಕ. ಮತ್ತೆ ಹಿಂದಿದ್ದ ಜೊತೆಗಾರರತ್ತ ತಿರುಗಿ ಕೂಗಿದ: "ಕೆಂಪು ಉಂಟು ಮಾರಾಯ್ರೆ! ಗಂಟುಮೂಟೆ ಬಿಚ್ಚಿ!"

"ಅಲ್ಲ, ಹಡಗು ಹತ್ತಿ..." ಎನ್ನುವಷ್ಟರಲ್ಲಿ ಫೋನು ಕಡಿಯಿತು.

ಸುಗಂಧಿ ಸೆರಗಿನಿಂದ ಹಣೆ ತಿಕ್ಕಿಕೊಂಡು ಮತ್ತೆ ಮತ್ತೆ ಕರೆ ಮಾಡಿದಳು. ಆಚೆಯಿಂದ ಯಾರೂ ಎತ್ತಲಿಲ್ಲ. ಪರದೆಯ ತುಂಬ ಅವಳದೇ ಹಣೆ ಕಾಣುತ್ತಿತ್ತು. ತಿಕ್ಕಿದಷ್ಟೂ ಅದು ಕೆಂಪಾಗುತ್ತಿತ್ತು.