ನಿಧಾನಕ್ಕೆ ಹೊಲೀರಿ

ಸ್ಟಾಪ್‌ವಾಚ್ ಹಿಡಿದ ಹೊಸ ಮ್ಯಾನೇಜರ್ ಗಾರ್ಮೆಂಟ್ಸ್ ಲೈನಿಗೆ ಬಂದು ಮಾದೇವಿಯ ಬೆನ್ನ ಹಿಂದೆಯೇ ನಿಂತ. ಕಾಲರ್ ಹೊಲಿಯುತ್ತಿದ್ದ ಅವಳ ಕೈ ಓಡಲು ಚಡಪಡಿಸುತ್ತಿತ್ತು.

ಕೆಟ್ಟ ಹೊಲಿಗೆ ಬಿಚ್ಚಿ ಸರಿಮಾಡುವ ಆಲ್ಟರ್ ಟೇಬಲಿನಲ್ಲಿದ್ದ ಅವಳ ನಾದಿನಿ, ಬೆಳಿಗ್ಗೆಯೇ ಲೈನಿನವರಿಗೆಲ್ಲ ಹೇಳಿಕೊಟ್ಟಿದ್ದಳು: “ಇವತ್ತು ನಿಧಾನಕ್ಕೆ ಹೊಲೀರಿ. ಸ್ಪೀಡ್ ನೋಡಿದ್ರೆ ಟಾರ್ಗೆಟ್ ಏರಿಸ್ತಾರೆ. ಅತ್ಗೆ, ನಿಂಗೇ ಹೇಳ್ತಿರೋದು!”

ಸಂಜೆಯ ತನಕ ಮಾದೇವಿ ಮುಳ್ಳಿನ ಮೇಲೆ ಕೂತಂತೆ ಕೂತು, ಹಲ್ಲು ಕಚ್ಚಿ, ನಿಧಾನಕ್ಕೇ ಹೊಲಿದಳು.

ಕೊನೆಗೆ ಮ್ಯಾನೇಜರ್ ವಾಚನ್ನು ಜೇಬಿಗಿಳಿಸಿದ. “ಇದೇ ಸರಿ. ಇನ್ಮೇಲೆ ಎಲ್ಲರೂ ಇಷ್ಟೇ ಸ್ಪೀಡಲ್ಲಿ ಹೊಲೀಲಿ.”

ಅಬ್ಬಾ, ಗೆದ್ದೆವು! ಮಾದೇವಿ ತಿರುಗಿ ನಾದಿನಿಗೆ ಕಣ್ಣು ಹೊಡೆದಳು.

ಅವನು ಸೂಪರ್‌ವೈಸರ್‌ಗೆ ಹೇಳುತ್ತಿದ್ದ: “ಇವತ್ತು ಒಂದು ಪೀಸೂ ವಾಪಸ್ ಬಂದಿಲ್ಲ. ನಾಳೆಯಿಂದ ಆ ಆಲ್ಟರ್ ಟೇಬಲ್ ತೆಗೆದುಬಿಡಿ.”