ಕ್ಯಾಮೆರಾ ಕೆಳಗಿನ ದೂರುಪೆಟ್ಟಿಗೆ

ಮಡಚಿದ ಚೀಟಿಯನ್ನು ದೂರುಪೆಟ್ಟಿಗೆಗೆ ಹಾಕಲು ಕೈಯೆತ್ತಿದ ವಿದ್ಯಾರ್ಥಿನಿ ಭೂಮಿಕ, ಮೇಲಿದ್ದ ಕ್ಯಾಮೆರಾ ನೋಡಿ ಕೈ ಇಳಿಸಿದಳು. ಬೂಕನಕೆರೆ ದಾರಿಯ ಆ ವಿಶ್ವವಿದ್ಯಾಲಯಕ್ಕೆ ಬೀಟ್ ಬರುವ ಪೊಲೀಸ್ ರಾಧಾಮಣಿ ಅದನ್ನು ಕಂಡಳು. ಮೂರು ತಿಂಗಳಿಂದ ಪ್ರತಿ ಸೋಮವಾರ ಬೀಗ ತೆಗೆದರೂ ಪೆಟ್ಟಿಗೆ ಏಕೆ ಖಾಲಿ ಎಂಬುದು ಆಗ ಹೊಳೆಯಿತು.

"ನನ್ ಬುದ್ಧಿಗಿಷ್ಟು ಬೆಂಕಿ ಆಕ! ಇಲ್ಲಿ ನೇತಾಕಿದ್ದು ನಾನೇ ಕಣವ್ವ," ಎಂದವಳು ವಾಚ್‌ಮನ್ ಕುಳ್ಳಯ್ಯನಿಂದ ಸ್ಕ್ರೂಡ್ರೈವರ್ ಈಸಿಕೊಂಡಳು.

"ಏನ್ ಮೇಡಮ್ಮೋರೆ, ಪೊಲೀಸ್ ಕೆಲ್ಸ ಬುಟ್ಟು ಬಡಗಿ ಕೆಲ್ಸ ಇಡ್ಕಂಡ್ರಾ?"

"ನಮ್ಮಪ್ಪ ಬಡಗಿನೇ ಕಣಣ್ಣೋ."

ಪೆಟ್ಟಿಗೆ ಹೆಣ್ಣುಮಕ್ಕಳ ಹಾಸ್ಟೆಲಿನೊಳಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೋಡೆಗೆ ಬಂತು. ಭೂಮಿಕ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ರಾಧಾಮಣಿ ಸ್ಕ್ರೂ ತಿರುಗಿಸತೊಡಗಿದಳು. ಇಬ್ಬರ ಮುಖವೂ ಗೋಡೆಯ ಕಡೆಗೇ ಇತ್ತು.

"ಅಕ್ಕ," ಎಂದಳು ಭೂಮಿಕ. "ಲ್ಯಾಬಲ್ಲಿ ಒಬ್ಬ ಸರ್ ಅವ್ರೆ. ಮಾರ್ಕ್ಸ್ ಬೇಕಾದ್ರೆ ಒಬ್ಳೇ ಬಾ ಅಂತಾರೆ. ಮನೇಲಿ ಗೊತ್ತಾದ್ರೆ ನನ್ನ ಓದೇ ಬಿಡಿಸ್ಬುಡ್ತಾರೆ."

ರಾಧಾಮಣಿ ತಿರುಗಿ ನೋಡಲಿಲ್ಲ. "ಊಂ, ಯೋಳವ್ವ," ಎಂದಳು.

ಹುಡುಗಿ ಅಳುಕುತ್ತಲೇ ಮುಂದುವರಿಸಿದಳು. ಅವಳ ಮಾತು ಮುಗಿಯುವ ಮೊದಲೇ ಕೊನೆಯ ಸ್ಕ್ರೂ ಬಿಗಿಯಾಗಿ ಕೂತಿತು. ರಾಧಾಮಣಿ ಅದನ್ನು ಪೂರ್ತಿ ಸಡಿಲಿಸಿ, ಮತ್ತೆ ಮೊದಲಿನಿಂದ ನಿಧಾನವಾಗಿ ತಿರುಗಿಸತೊಡಗಿದಳು.